ಸಣ್ಣ ಗುತ್ತಿಗೆದಾರನ ಸಾಲ ಹುಟ್ಟುವುದೆಲ್ಲಿ?

ಬೆಂಗಳೂರು: ಗುತ್ತಿಗೆ ವೃತ್ತಿಗಿಳಿಯಲು ದೊಡ್ಡ ಬಂಡವಾಳ ಬೇಕೆಂಬ ನಂಬಿಕೆ ಬಲವಾಗಿದೆ. ಸೆಂಟ್ರಿಂಗ್ ಹಲಗೆಯಿಂದ ಕಾಂಕ್ರೀಟ್ ಮಿಕ್ಸರ್‌ವರೆಗೆ ಎಲ್ಲವೂ ಬಾಡಿಗೆಗೆ ದೊರೆಯುವಾಗ ಈ ನಂಬಿಕೆಗೆ ಆಧಾರ ಕಡಿಮೆ. ಹೊಸಬರು ಸಾಲಕ್ಕೆ ಬೀಳುವುದು ಬಹುತೇಕ ಕೆಲಸ ಮುಗಿದ ಮೇಲೆ, ಬಿಲ್‌ಗಾಗಿ ಕಾಯುವಾಗ.

10 ಲಕ್ಷ ರೂ. ಕಾಮಗಾರಿಯಲ್ಲಿ ಶೇ. 10ರಷ್ಟು ಲಾಭವಿದೆಯೆಂದು ಭಾವಿಸೋಣ. ಸಾಮಗ್ರಿ ಮತ್ತು ಕೂಲಿಗಾಗಿ 6 ಲಕ್ಷ ರೂ.ಗಳನ್ನು ತಿಂಗಳಿಗೆ ಶೇ. 3ರ ಬಡ್ಡಿಯ ಕೈಸಾಲವಾಗಿ ತಂದರೆ ಮಾಸಿಕ ಬಡ್ಡಿಯೇ 18 ಸಾವಿರ ರೂ. ಸಾಲ ತಂದ ಆರು ತಿಂಗಳಿಗೆ ಬಿಲ್ ಬಂದರೆ ಬಡ್ಡಿ 1.08 ಲಕ್ಷ ರೂ. ಲಾಭವಷ್ಟೂ ಹೋಗಿ ಕೈಯಿಂದ 8 ಸಾವಿರ ತೆರಬೇಕು! ಬಂದ ಬಿಲ್ಲೂ ಪೂರ್ಣವಾಗಿರದು. ಸರ್ಕಾರಿ ಕೆಲಸದಲ್ಲಿ ವ್ಯಕ್ತಿಗತ ಗುತ್ತಿಗೆದಾರನಿಂದ ಆದಾಯ ತೆರಿಗೆಗೆ ಶೇ. 1, ಕಾರ್ಮಿಕ ಸೆಸ್‌ಗೆ ಶೇ. 1, ಗುತ್ತಿಗೆ 2.5 ಲಕ್ಷ ರೂ. ಮೀರಿದರೆ ಜಿಎಸ್‌ಟಿಗೆ ಶೇ. 2 ಕಡಿತವಾಗುತ್ತದೆ. ಭದ್ರತಾ ಠೇವಣಿ ಬೇರೆ.

ಬಾಕಿ ಬಿಲ್‌ಗಳ ಬಗ್ಗೆ ರಾಜ್ಯ ಗುತ್ತಿಗೆದಾರರ ಸಂಘ ಹಿಂದಿನ ಸರ್ಕಾರಕ್ಕೂ 2023ರಲ್ಲಿ ಬಂದ ಸರ್ಕಾರಕ್ಕೂ ದೂರಿದೆ. ಜ್ಯೇಷ್ಠತೆಯಂತೆ ಹಣ ಪಾವತಿಸಬೇಕೆಂಬುದು ಅದರ ಬೇಡಿಕೆ. ಬೇಡಿಕೆ ನ್ಯಾಯವೇ, ಆದರೆ ಆ ಸರದಿಯಲ್ಲಿ ಕೊನೆಗೆ ನಿಲ್ಲುವವನು ಹೊಸಬ. ಸಣ್ಣ ಉದ್ದಿಮೆಗಳಿಗೆ ಗರಿಷ್ಠ 45 ದಿನಗಳೊಳಗೆ ಹಣ ನೀಡಬೇಕೆಂದು 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆ ಹೇಳುತ್ತದಾದರೂ, ಕಾಮಗಾರಿ ಗುತ್ತಿಗೆಗೆ ಅದು ಅನ್ವಯಿಸದೆಂದು ಕೆಲವು ಹೈಕೋರ್ಟ್ ತೀರ್ಪುಗಳಿವೆ.

ಹೀಗಾಗಿ ಸಾಲವಿಲ್ಲದೆ ಆರಂಭಿಸುವವರಿಗೆ ಟೆಂಡರ್‌ಗಿಂತ ಖಾಸಗಿ ಮನೆಗಳ ಲೇಬರ್ ಕಾಂಟ್ರ್ಯಾಕ್ಟ್ ಸುರಕ್ಷಿತ. ಇಲ್ಲಿ ಸಿಮೆಂಟ್, ಕಬ್ಬಿಣ, ಮರಳನ್ನು ಮನೆ ಮಾಲೀಕರೇ ಕೊಳ್ಳುತ್ತಾರೆ. ಚದರಡಿ ಲೆಕ್ಕದಲ್ಲಿ ಕೂಲಿಯಷ್ಟೇ ಗುತ್ತಿಗೆದಾರನದು. ಲಾಭ ಕಡಿಮೆ, ನಿಜ. ಆದರೆ ಸಿಲುಕಿಕೊಳ್ಳುವ ಹಣ ಹೆಚ್ಚೆಂದರೆ ಒಂದೆರಡು ವಾರಗಳ ಬಟವಾಡೆ. ಅಡಿಪಾಯ, ಲಿಂಟಲ್, ಛಾವಣಿ, ಗಾರೆ ಎಂದು ಕಂತು ಗೊತ್ತುಪಡಿಸಿ, ಪ್ರತಿ ಹಂತದ ಹಣವನ್ನು ಆ ಹಂತ ಆರಂಭವಾಗುವ ಮುನ್ನವೇ ಪಡೆಯುವಂತೆ ಕರಾರು ಬರೆದುಕೊಂಡರೆ ಆ ಅಪಾಯವೂ ತಗ್ಗುತ್ತದೆ. ಮೊದಲ ಕೆಲಸದ ಹಣದಲ್ಲೇ ಎರಡನೆಯದನ್ನು ಆರಂಭಿಸುವ ಆಸೆ ಮಾತ್ರ ಹತೋಟಿಯಲ್ಲಿರಬೇಕು. ಒಬ್ಬರ ಮುಂಗಡ ಇನ್ನೊಬ್ಬರ ಗೋಡೆ ಸೇರಿದರೆ ಎರಡೂ ಕಡೆ ಕೆಲಸ ನಿಲ್ಲುವುದು ಖಚಿತ.

ಜಗಳ ಹೆಚ್ಚಾಗಿ ಹುಟ್ಟುವುದು ಹೆಚ್ಚುವರಿ ಕೆಲಸದಲ್ಲಿ. ನಕ್ಷೆಯಲ್ಲಿಲ್ಲದ ಸಜ್ಜೆ, ನಡುವೆ ಬದಲಾದ ಮೆಟ್ಟಿಲು ಇವುಗಳ ದರವನ್ನು ಕೆಲಸಕ್ಕೆ ಮೊದಲೇ ಬರೆದು ಮಾಲೀಕರ ಸಹಿ ಪಡೆಯದಿದ್ದರೆ ಆ ಕೂಲಿ ಗುತ್ತಿಗೆದಾರನ ತಲೆಗೇ.