ಅಪ್ಪನ ಲ್ಯಾಪ್‌ಟಾಪ್ ಮನೆ ಬದಲಿಸಿದ್ದು

ಆಫೀಸಿನಲ್ಲಿ ಮೂರು ವರ್ಷಕ್ಕೊಮ್ಮೆ ಹೊಸ ಲ್ಯಾಪ್‌ಟಾಪ್ ಕೊಡ್ತಾರೆ. ಬೆಳಗ್ಗೆ ಹತ್ತಕ್ಕೆ ಡಬ್ಬಿ ಬಿಚ್ಚಿದ್ರೆ ಹನ್ನೊಂದಕ್ಕೆ ಕೆಲಸ ಶುರು. ವಿಎಸ್ ಕೋಡ್‌ಗೆ ಲಾಗಿನ್ ಆದ ತಕ್ಷಣ ಸೆಟಿಂಗ್ಸ್ ಸಿಂಕ್ ಥೀಮು, ಶಾರ್ಟ್‌ಕಟ್ಟು, ಎಕ್ಸ್‌ಟೆನ್ಶನ್ನು ಎಲ್ಲಾನೂ ತಾನೇ ಎಳ್ಕೊಂಡು ಬರುತ್ತೆ. ನನ್ನ ಪಟ್ಟಿಯಲ್ಲಿ ನಲವತ್ತು ಚಿಲ್ಲರೆ ಎಕ್ಸ್‌ಟೆನ್ಶನ್ ಇವೆ, ಬಳಸೋದು ಏಳೆಂಟು. ಉಳಿದವು ಅಟ್ಟದ ಮೇಲಿನ ಹಿತ್ತಾಳೆ ಪಾತ್ರೆ ಇದ್ದ ಹಾಗೆ. ಪ್ರತಿ ಸಲ ಮನೆ ಬದಲಿಸುವಾಗ ಲಾರಿ ಹತ್ತುತ್ತವೆ, ಇಳಿದು ಮತ್ತೆ ಅಟ್ಟಕ್ಕೇ ಹೋಗ್ತವೆ.

ಈ ಅಭ್ಯಾಸದ ಧೈರ್ಯದಲ್ಲೇ 2025ರ ದೀಪಾವಳಿಗೆ ಅಪ್ಪನಿಗೆ ಹೊಸ ಲ್ಯಾಪ್‌ಟಾಪ್ ತಗೊಂಡು ಊರಿಗೆ ಹೋದೆ.

ಹಳೆಯದು 2013ರದ್ದು, ನಾನು ಇಂಜಿನಿಯರಿಂಗ್ ಸೇರಿದಾಗ ಕೊಂಡಿದ್ದು. 2017ರಲ್ಲಿ ಕೆಲಸ ಸಿಕ್ಕಿ ಬೆಂಗಳೂರಿಗೆ ಹೊರಟಾಗ ಅದನ್ನ ಅಪ್ಪ ಅಮ್ಮನಿಗೆ ಬಿಟ್ಟು ಹೋಗಿದ್ದೆ. ಓದೋಕೆ ಫೈರ್‌ಫಾಕ್ಸ್, ಮೇಲ್‌ಗೆ ಥಂಡರ್‌ಬರ್ಡ್ ಹಾಕಿ ಕೊಟ್ಟಿದ್ದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ ಅಕ್ಟೋಬರ್ 14ಕ್ಕೆ ಮುಗಿದಿತ್ತು. ಆ ಕಾಲದ ಪ್ರೊಸೆಸರ್ ವಿಂಡೋಸ್ 11ರ ಅರ್ಹತಾ ಪಟ್ಟಿಯಲ್ಲೇ ಇಲ್ಲ. ಅಂಗಡಿಯವರು ಎಕ್ಸ್‌ಚೇಂಜ್ ಆಫರ್ ಬೇರೆ ಕೊಟ್ಟಿದ್ರು: ಹಬ್ಬ ಮುಗಿದ ಮಾರನೇ ದಿನ ಬೆಳಗ್ಗೆ ಹುಡುಗ ಬಂದು ಹಳೇದನ್ನ ತಗೊಂಡು ಹೋಗ್ತಾನೆ, ಡಿಸ್ಕ್ ಅಳಿಸಿ ಇಟ್ಟಿರಿ ಅಂದಿದ್ರು.

ಅಪ್ಪ ಹೇಳಿದ್ದು ಒಂದೇ ಮಾತು. "ಎಲ್ಲ ಮೊದಲಿನ ಹಾಗೇ ಇರ್ಬೇಕು ಮಾರಾಯ."

ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಮೂರೂ ಫೋಲ್ಡರ್ ಪೆನ್‌ಡ್ರೈವ್‌ಗೆ ಹಾಕಿದೆ. ಫೈರ್‌ಫಾಕ್ಸ್‌ನಲ್ಲಿ ಸಿಂಕ್ ಆನ್ ಮಾಡಿದೆ. ಹೊಸದರಲ್ಲಿ ಲಾಗಿನ್ ಆದೆ. ಬುಕ್‌ಮಾರ್ಕ್, ಪಾಸ್‌ವರ್ಡ್, ಆ್ಯಡ್‌ಆನ್ ಎಲ್ಲ ಬಂತು. ಅರ್ಧ ಗಂಟೆ ಕೂಡ ಆಗಲಿಲ್ಲ. "ತಗೊಳ್ಳಿ ಅಪ್ಪ, ಆಯ್ತು" ಅಂತ ಕೈಗೆ ಕೊಟ್ಟು ಒಳಗೆ ಹೋಗಿ ಕಜ್ಜಾಯ ತಿಂತಾ ಕೂತೆ.

ಐದು ನಿಮಿಷಕ್ಕೆ ಕರೆ ಬಂತು. "ಪೇಪರ್ ಅಕ್ಷರ ಸಣ್ಣ ಆಗಿದೆಯಲ್ಲೋ."

ಅಪ್ಪ ಪ್ರತಿಯೊಂದು ಪತ್ರಿಕೆಯ ಪುಟವನ್ನೂ ದೊಡ್ಡದು ಮಾಡಿ ಓದ್ತಾರೆ. ಯಾವ ಸೈಟಿಗೆ ಎಷ್ಟು ಝೂಮ್ ಅನ್ನೋದನ್ನ ಫೈರ್‌ಫಾಕ್ಸ್ ನೆನಪಿಟ್ಟುಕೊಳ್ಳುತ್ತೆ, ಆದರೆ ಆ ನೆನಪು ಆ ಕಂಪ್ಯೂಟರಿನಲ್ಲೇ ಇರುತ್ತೆ. ಸಿಂಕ್ ಅದನ್ನ ಹೊತ್ತು ತರಲ್ಲ. ಇನ್ನು ಐದು ನಿಮಿಷಕ್ಕೆ, "ಆ ಓಡಾಡೋ ವಿಡಿಯೋ ವಾಪಸ್ ಬಂದಿದೆ." ಯುಬ್ಲಾಕ್ ಆರಿಜಿನ್‌ನಲ್ಲಿ ಅಪ್ಪನಿಗೋಸ್ಕರ ನಾನೇ ಬರೆದ ಫಿಲ್ಟರ್ ಒಂದಿತ್ತು. ಆ್ಯಡ್‌ಆನ್ ಬಂದಿದೆ, ಒಳಗೆ ಬರೆದದ್ದು ಬಂದಿಲ್ಲ. ಇದನ್ನ ನೀವೂ ಗಮನಿಸಿರಬಹುದು: ಆ್ಯಡ್‌ಆನ್ ಇನ್‌ಸ್ಟಾಲ್ ಆಗೋದು ಬೇರೆ, ಅದರ ಹೊಟ್ಟೆಯೊಳಗಿನ ಮಾಹಿತಿ ಬೇರೆ. ಎರಡನೆಯದು ಬರುತ್ತೋ ಇಲ್ಲವೋ ಅನ್ನೋದು ಆ ಆ್ಯಡ್‌ಆನ್ ಬರೆದವರು ಹೇಗೆ ಬರೆದಿದ್ದಾರೆ ಅನ್ನೋದರ ಮೇಲೆ. ಯುಬ್ಲಾಕ್‌ನ ಸೆಟಿಂಗ್ಸ್ ಪುಟದಲ್ಲಿ ಎಲ್ಲವನ್ನೂ ಒಂದು ಫೈಲಿಗೆ ಇಳಿಸಿಕೊಳ್ಳೋ ಬಟನ್ ಇದೆ. ಒತ್ತಿದ್ರೆ ಅರ್ಧ ನಿಮಿಷದ ಕೆಲಸ. ಒತ್ತಬೇಕು ಅಂತ ಹೊಳೀಬೇಕಲ್ಲ!

ಇವೆಲ್ಲ ಕಿರಿಕಿರಿ ಅಷ್ಟೇ, ಸರಿ ಮಾಡಿಕೊಟ್ಟೆ. ಸಂಜೆ ಅಪ್ಪ ಥಂಡರ್‌ಬರ್ಡ್ ತೆಗೆದ್ರು. ಎಡಗಡೆ ಅವರ ಈಗಿನ ಮೇಲ್ ಅಕೌಂಟ್ ಒಂದೇ ಇತ್ತು.

"ಅಮ್ಮನ ಮೇಲ್‌ಗಳು ಎಲ್ಲೋ?"

ಇಲ್ಲಿ ಸ್ವಲ್ಪ ಹಿಂದಿನ ಕತೆ ಹೇಳ್ಬೇಕು. ಅಮ್ಮ ತೀರಿಕೊಂಡು ಮೂರು ವರ್ಷ ಆಯ್ತು. ಅಕ್ಕ ಮದುವೆಯಾಗಿ ಜರ್ಮನಿಗೆ ಹೋದ ಮೇಲೆ ಅಮ್ಮ ವಾರಕ್ಕೊಂದಾದರೂ ಮೇಲ್ ಬರೀತಿದ್ರು. ಫೋನಿನಲ್ಲಿ ಮಾತಾಡಿದ್ದು ಸಾಲದು ಅಂತ, ಊಟ ಆದ ಮೇಲೆ ಮಧ್ಯಾಹ್ನ ಕೂತು ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ರು. ಆಗ ಇದ್ದದ್ದು ಇಂಟರ್ನೆಟ್ ಕನೆಕ್ಷನ್ ಜೊತೆ ಬಂದ ಮೇಲ್ ವಿಳಾಸ. ಜಾಗ ಕಡಿಮೆ ಅಂತ ನಾನೇ ಅದನ್ನ ಪಾಪ್ ವಿಧಾನದಲ್ಲಿ ಜೋಡಿಸಿದ್ದೆ. ಅಂದ್ರೆ ಬಂದ ಮೇಲ್ ಕಂಪ್ಯೂಟರಿಗೆ ಇಳಿದ ಮೇಲೆ ಸರ್ವರ್‌ನಿಂದ ಅಳಿಸಿ ಹೋಗುತ್ತೆ. ಕಳಿಸಿದ ಮೇಲ್‌ನ ಪ್ರತಿಯಂತೂ ಕಂಪ್ಯೂಟರಿನಲ್ಲಿ ಮಾತ್ರ. ಎರಡು ವರ್ಷದ ಹಿಂದೆ ಆ ಮೇಲ್ ಸೇವೆಯೇ ನಿಂತು ಹೋಯ್ತು. ಅಕ್ಕನ ಹತ್ತಿರ ಇರಲ್ವಾ ಅಂತ ಕೇಳಬಹುದು. ಅಮ್ಮ ಬರೀತಿದ್ದದ್ದು ಅಕ್ಕನ ಆಫೀಸ್ ವಿಳಾಸಕ್ಕೆ. ಆ ಕೆಲಸ ಬಿಟ್ಟು ನಾಲ್ಕು ವರ್ಷ.

ಹಾಗಾಗಿ ಆ ಮೇಲ್‌ಗಳು ಇಡೀ ಪ್ರಪಂಚದಲ್ಲಿ ಇದ್ದದ್ದು ಒಂದೇ ಕಡೆ, ಮಾರನೇ ದಿನ ಬೆಳಗ್ಗೆ ಎಕ್ಸ್‌ಚೇಂಜ್‌ಗೆ ಹೋಗಬೇಕಿದ್ದ ಆ ಡಿಸ್ಕಿನಲ್ಲಿ. ನಾನು ರಾತ್ರಿ ಅದನ್ನ ಅಳಿಸೋನಿದ್ದೆ.

ಪೆನ್‌ಡ್ರೈವ್‌ಗೆ ಹಾಕಿದ ಮೂರು ಫೋಲ್ಡರಿನಲ್ಲಿ ಅದು ಯಾಕೆ ಬರಲಿಲ್ಲ ಅಂದ್ರೆ, ಥಂಡರ್‌ಬರ್ಡ್ ಆಗಲಿ ಫೈರ್‌ಫಾಕ್ಸ್ ಆಗಲಿ ನಮ್ಮ ವಸ್ತುಗಳನ್ನ ಇಡೋದು 'ಪ್ರೊಫೈಲ್' ಅನ್ನೋ ಫೋಲ್ಡರಿನಲ್ಲಿ. ವಿಂಡೋಸ್‌ನಲ್ಲಿ ಅದು ಆ್ಯಪ್‌ಡೇಟಾ ಒಳಗೆ, ರೋಮಿಂಗ್ ಒಳಗೆ ಇರುತ್ತೆ. ಆ್ಯಪ್‌ಡೇಟಾ ಮಾಮೂಲಿಯಾಗಿ ಕಣ್ಣಿಗೇ ಕಾಣಲ್ಲ, ಮರೆಮಾಡಿದ ಫೋಲ್ಡರ್. ದೇವರ ಕೋಣೆಯ ಕಪಾಟಿನ ಹಿಂದೆ ಅಜ್ಜಿ ಇಟ್ಟ ಡಬ್ಬಿ ಇದ್ದ ಹಾಗೆ, ಇದೆ ಅಂತ ಗೊತ್ತಿದ್ದವರಿಗೆ ಮಾತ್ರ ಇದೆ. ನನಗೆ ಗೊತ್ತಿತ್ತು. ಎಂಟು ವರ್ಷದಿಂದ ಇದೇ ಕೆಲಸ ಮಾಡ್ತಿರೋ ನಾನು ಅದನ್ನ ಯೋಚನೆ ಕೂಡ ಮಾಡಿರಲಿಲ್ಲ. ನಂದೆಲ್ಲ ಯಾವಾಗಲೂ ಸರ್ವರ್‌ನಲ್ಲೇ ಇರುತ್ತಲ್ಲ.

ಹುಡುಕೋದು ಕಷ್ಟ ಏನಿಲ್ಲ. ಥಂಡರ್‌ಬರ್ಡ್‌ನ ಹೆಲ್ಪ್ ಮೆನುವಿನಲ್ಲಿ ಟ್ರಬಲ್‌ಶೂಟಿಂಗ್ ಇನ್ಫರ್ಮೇಶನ್ ಅಂತಿದೆ. ಆ ಪುಟದಲ್ಲಿ ಪ್ರೊಫೈಲ್ ಫೋಲ್ಡರ್ ಅನ್ನೋ ಸಾಲಿನ ಪಕ್ಕ ಓಪನ್ ಬಟನ್. ಫೈರ್‌ಫಾಕ್ಸ್‌ನಲ್ಲೂ ಹಾಗೇ. ಒಳಗೆ ಮೇಲ್ ಅನ್ನೋ ಫೋಲ್ಡರ್, ಅದರೊಳಗೆ ಬಾಲವಿಲ್ಲದ ಹೆಸರಿನ ಫೈಲ್‌ಗಳು: ಇನ್‌ಬಾಕ್ಸ್, ಸೆಂಟ್. ಪ್ರತಿಯೊಂದರ ಪಕ್ಕ ಅದೇ ಹೆಸರಿನ, ಎಂಎಸ್ಎಫ್ ಅಂತ ಬಾಲವಿರುವ ಮರಿ ಫೈಲ್. ಮರಿ ಅನ್ನೋದು ಬರೀ ಸೂಚಿ, ಹೋದರೂ ಮತ್ತೆ ಹುಟ್ಟುತ್ತೆ. ಬಾಲವಿಲ್ಲದ್ದೇ ನಿಜವಾದ ಮೇಲ್‌ಗಳ ಕಟ್ಟು. ನೋಟ್‌ಪ್ಯಾಡಿನಲ್ಲಿ ತೆರೆದ್ರೂ ಓದಬಹುದು.

ತೆರೆದೆ. ಅಮ್ಮ ಇದ್ದರು.

ಮೊದಲು ಮೇಲ್ ಫೋಲ್ಡರ್ ಒಂದನ್ನೇ ತೆಗೆದು ಹೊಸದರ ಲೋಕಲ್ ಫೋಲ್ಡರ್ಸ್‌ಗೆ ಹಾಕಿದೆ. ಎಲ್ಲ ಬಂತು, ದಿನಾಂಕ ಸಮೇತ. ನಿಟ್ಟುಸಿರು ಬಿಟ್ಟು, ಆದರೂ ಯಾಕೋ ಭಯವಾಗಿ ಅಂಗಡಿಗೆ ಫೋನ್ ಮಾಡಿ ಎಕ್ಸ್‌ಚೇಂಜ್ ಬೇಡ ಅಂದೆ. ಎರಡೂವರೆ ಸಾವಿರ ಹೋಯ್ತು. ಇವತ್ತಿಗೂ ಆ ಲ್ಯಾಪ್‌ಟಾಪ್ ಬೀರುವಿನ ಮೇಲಿದೆ. ನಿಮಗೂ ನನ್ನ ಸಲಹೆ ಇದೇ, ಹೊಸದು ಬಂದ ಮೇಲೆ ಹಳೇ ಡಿಸ್ಕನ್ನ ಕನಿಷ್ಠ ಒಂದು ತಿಂಗಳು ಮುಟ್ಟಬೇಡಿ. ಏನು ಬಂದಿಲ್ಲ ಅನ್ನೋದು ಬಳಸುವಾಗಲೇ ಗೊತ್ತಾಗೋದು.

ನಮ್ಮನೇಲಿ ಗೊತ್ತಾಗಿದ್ದು ಮಾರನೇ ಬೆಳಗ್ಗೆ. ಅಪ್ಪ ಅಕ್ಕನಿಗೆ ಮೇಲ್ ಬರೆಯೋಕೆ ಕೂತಿದ್ರು. "ಇದೇನೋ, ಎಲ್ಲದಕ್ಕೂ ಕೆಂಪು ಗೆರೆ ಹಾಕ್ತಿದೆ? ಕಲರ್‌ಗೂ ತಪ್ಪು ಅಂತಿದೆಯಲ್ಲ!"

ಅಪ್ಪ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಪಾಠ ಮಾಡಿದವರು. ಅವರ ಕಲರ್‌ನಲ್ಲಿ ಯು ಇದ್ದೇ ಇರುತ್ತೆ. ಹಳೆಯದರಲ್ಲಿ ಬ್ರಿಟಿಷ್ ಇಂಗ್ಲಿಷ್ ನಿಘಂಟನ್ನ ಆ್ಯಡ್‌ಆನ್ ಆಗಿ ಹಾಕಿದ್ದೆ, ಹೊಸದರಲ್ಲಿ ಅಮೆರಿಕದ್ದು ಮಾತ್ರ ಇತ್ತು. ಅದನ್ನ ಹಾಕಿದೆ, ಕಲರ್ ಸರಿಯಾಯ್ತು. ಆದರೆ ಅಕ್ಕನ ಹೆಸರಿಗೆ, ಊರಿನ ಹೆಸರಿಗೆ, ತಂಬುಳಿಗೆ, ಕೊಟ್ಟೆ ಕಡುಬಿಗೆ ಗೆರೆ ಹಾಗೇ ಇತ್ತು. "ಇಷ್ಟು ವರ್ಷ ಬರ್ತಿರಲಿಲ್ಲ" ಅಂದ್ರು ಅಪ್ಪ.

ಆಗ ನೆನಪಾಯ್ತು. ಅಮ್ಮ ಬರೀತಿದ್ದದ್ದು ಇಂಗ್ಲಿಷ್ ಅಕ್ಷರದ ಕನ್ನಡ. ಮೊದಮೊದಲು ಇಡೀ ಮೇಲ್ ಕೆಂಪು ಕೆಂಪಾಗಿ ಕಾಣ್ತಿತ್ತು. "ಇದೂ ನಿಮ್ಮಪ್ಪನ ಹಾಗೇ ಕೆಂಪು ಪೆನ್ನು ಹಿಡ್ಕೊಂಡೇ ಕೂತಿರುತ್ತಲ್ಲೋ" ಅಂತ ಫೋನಿನಲ್ಲಿ ಬೈದಿದ್ರು. ಪದದ ಮೇಲೆ ರೈಟ್ ಕ್ಲಿಕ್ ಮಾಡಿ 'ಆ್ಯಡ್ ಟು ಡಿಕ್ಷನರಿ' ಒತ್ತಿ, ಆಮೇಲೆ ಸುಮ್ಮನಿರುತ್ತೆ ಅಂತ ನಾನೇ ಹೇಳಿಕೊಟ್ಟಿದ್ದೆ. ಹಾಗೆ ಸೇರಿಸಿದ ಪದಗಳೆಲ್ಲ ಹೋಗಿ ಕೂರೋದು ಪ್ರೊಫೈಲ್ ಒಳಗಿನ ಪರ್ಸ್‌ಡಿಕ್ಟ್ ಡಾಟ್ ಡ್ಯಾಟ್ ಅನ್ನೋ ಪುಟ್ಟ ಫೈಲಿನಲ್ಲಿ. ಫೈರ್‌ಫಾಕ್ಸ್‌ಗೂ ಅದೇ ಹೆಸರಿನ ಫೈಲ್ ಇದೆ, ಅದನ್ನೂ ಸಿಂಕ್ ತರಲ್ಲ.

ಈ ಸಲ ಬಿಡಿ ಬಿಡಿಯಾಗಿ ತರೋ ಬುದ್ಧಿವಂತಿಕೆ ಬಿಟ್ಟು ಎರಡರದ್ದೂ ಇಡೀ ಪ್ರೊಫೈಲ್ ತಂದೆ. ಕ್ರಮ ಇಷ್ಟೇ. ಎರಡೂ ಕಡೆ ಪ್ರೋಗ್ರಾಂ ಪೂರ್ತಿ ಮುಚ್ಚಿರಬೇಕು, ತೆರೆದಿರುವಾಗ ಕಾಪಿ ಮಾಡಿದ್ರೆ ಅರೆಬರೆ ಬರಬಹುದು. ಹಳೇ ಪ್ರೊಫೈಲ್ ಫೋಲ್ಡರಿನ ಒಳಗಿರೋದನ್ನೆಲ್ಲ ತೆಗೆದು ಹೊಸ ಪ್ರೊಫೈಲ್ ಫೋಲ್ಡರಿನ ಒಳಗೆ ಸುರಿಯಬೇಕು. ಫೋಲ್ಡರನ್ನ ಫೋಲ್ಡರಿನೊಳಗೆ ಇಡೋದಲ್ಲ. ನಾನು ಮೊದಲ ಸಲ ಅದೇ ಮಾಡಿ, ಏನೂ ಬದಲಾಗದೆ ಹತ್ತು ನಿಮಿಷ ಪೆದ್ದನ ಹಾಗೆ ಸ್ಕ್ರೀನ್ ನೋಡ್ತಾ ಕೂತಿದ್ದೆ. ಪ್ರೊಫೈಲ್ ಬೇರೆಯದೇ ತೆರೆದುಕೊಳ್ತಿದ್ರೆ ಫೈರ್‌ಫಾಕ್ಸ್‌ನ ವಿಳಾಸದ ಪಟ್ಟಿಯಲ್ಲಿ ಅಬೌಟ್ ಕೋಲನ್ ಪ್ರೊಫೈಲ್ಸ್ ಅಂತ ಇಂಗ್ಲಿಷಿನಲ್ಲಿ ಕೊಡಿ, ಯಾವುದು ಮುಖ್ಯ ಅಂತ ಅಲ್ಲಿ ಆರಿಸಬಹುದು. ಇನ್ನೊಂದು, ಹೊಸ ಕಂಪ್ಯೂಟರಿನ ಆವೃತ್ತಿ ಹಳೆಯದಕ್ಕಿಂತ ಹಿಂದಿನದಾಗಿರಬಾರದು. 2019ರಿಂದ ಈಚೆಗೆ ಫೈರ್‌ಫಾಕ್ಸ್ ಮುಂದಿನ ಆವೃತ್ತಿಯ ಪ್ರೊಫೈಲನ್ನ ಹಿಂದಿನದರಲ್ಲಿ ತೆರೆಯೋಕೆ ಬಿಡಲ್ಲ.

ಪೆನ್‌ಡ್ರೈವ್ ಬಗ್ಗೆ ಒಂದು ಎಚ್ಚರಿಕೆ. ಪ್ರೈಮರಿ ಪಾಸ್‌ವರ್ಡ್ ಹಾಕಿಲ್ಲ ಅಂದ್ರೆ ಆ ಪ್ರೊಫೈಲ್ ಸಿಕ್ಕಿದ ಯಾರು ಬೇಕಾದರೂ ಉಳಿಸಿಟ್ಟ ಪಾಸ್‌ವರ್ಡ್‌ಗಳನ್ನ ಓದಬಹುದು. ಕೆಲಸ ಮುಗಿದ ತಕ್ಷಣ ಅಳಿಸಿ. ವಿಂಡೋಸ್‌ನ ಕ್ರೋಮ್ ಇದಕ್ಕೆ ಉಲ್ಟಾ. ಅಲ್ಲಿ ಪಾಸ್‌ವರ್ಡ್‌ಗಳ ಬೀಗದ ಕೈ ಆ ಕಂಪ್ಯೂಟರಿನ ವಿಂಡೋಸ್ ಬಳಕೆದಾರನಿಗೇ ಕಟ್ಟಿರೋದರಿಂದ ಫೋಲ್ಡರ್ ಕಾಪಿ ಮಾಡಿದ್ರೆ ಪಾಸ್‌ವರ್ಡ್ ಬರಲ್ಲ, ಗೂಗಲ್ ಅಕೌಂಟಿನ ಸಿಂಕ್ ಮಾಡಬೇಕು ಇಲ್ಲ ಎಕ್ಸ್‌ಪೋರ್ಟ್ ಮಾಡಬೇಕು. ಎಕ್ಸ್‌ಪೋರ್ಟ್ ಮಾಡಿದ ಫೈಲ್ ಬರೀ ಪಠ್ಯ, ಅದನ್ನೂ ಅಳಿಸಿ.

ಮಧ್ಯೆ ನುಡಿಯ ಕಾಟವೂ ಇತ್ತು. ಶಾಲೆಯ ಪತ್ರಗಳು, ನಮ್ಮ ಮನೆತನದ ವಂಶವೃಕ್ಷ ಎಲ್ಲ ಅಪ್ಪ ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದು. ಹೊಸದರಲ್ಲಿ ತೆರೆದ್ರೆ ಮುತ್ತಜ್ಜನಿಂದ ಹಿಡಿದು ನನ್ನವರೆಗೆ ಎಲ್ಲರೂ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಅವು ಯೂನಿಕೋಡ್ ಅಲ್ಲ, ಫಾಂಟ್ ಇಲ್ಲದೆ ಅವಕ್ಕೆ ಕನ್ನಡ ಬರಲ್ಲ. ನುಡಿ ಇನ್‌ಸ್ಟಾಲ್ ಮಾಡಿದ ಮೇಲೆ ಪೂರ್ವಜರು ವಾಪಸ್ ಬಂದ್ರು. ಯೂನಿಕೋಡ್‌ಗೆ ಪರಿವರ್ತಿಸಿ ಇಡೋ ಕೆಲಸ ಯುಗಾದಿಗೆ ಅಂತ ಅಪ್ಪನಿಗೆ ಮಾತು ಕೊಟ್ಟಿದ್ದೀನಿ.

ಸಂಜೆ ಅಪ್ಪನನ್ನ ಪಕ್ಕ ಕೂರಿಸಿಕೊಂಡು ಆ ಪರ್ಸ್‌ಡಿಕ್ಟ್ ಫೈಲ್ ತೆರೆದೆ. ಸಾಲಿಗೊಂದು ಪದ, ಮುನ್ನೂರರ ಹತ್ತಿರ. ಮೂರು ಕೆಬಿ ಕೂಡ ಇಲ್ಲ. ಮಗಳೇ. ಹುಷಾರು. ಅಪ್ಪೆಮಿಡಿ. ಜ್ವರ. ಪಾಪು. ಅಡಿಕೆ ಸುಲಿಯೋ ಕಾಲ, ಅಕ್ಕನ ಬಾಣಂತನ, ನನ್ನ ಕೆಲಸದ ಚಿಂತೆ ಎಲ್ಲ ಬಿಡಿ ಬಿಡಿ ಪದವಾಗಿ ಇತ್ತು. ಅಪ್ಪ ಕನ್ನಡಕ ಮೂಗಿನ ತುದಿಗೆ ಇಳಿಸಿ, ಉತ್ತರಪತ್ರಿಕೆ ನೋಡೋ ಹಾಗೆ ಒಂದೊಂದೇ ಸಾಲು ಓದ್ತಾ ಬಂದ್ರು. ಒಂದು ಕಡೆ ಬೆರಳು ನಿಂತಿತು. ಅದು ಅಪ್ಪಟ ಇಂಗ್ಲಿಷ್ ಪದ, ರಿಸೀವ್. ಐ ಮತ್ತು ಇ ಅದಲುಬದಲಾಗಿದ್ದವು. ಕೆಂಪು ಗೆರೆ ಬಂದಾಗ ಅಮ್ಮ ಅದನ್ನೂ ಹಾಗೇ ಸೇರಿಸಿಬಿಟ್ಟಿದ್ದಾರೆ. ಇಷ್ಟು ವರ್ಷ ಆ ಕಂಪ್ಯೂಟರ್ ಅದನ್ನ ಸರಿ ಅಂತಲೇ ಒಪ್ಪಿಕೊಂಡಿತ್ತು.

"ಇದು ತಪ್ಪು" ಅಂದ್ರು ಅಪ್ಪ.

"ತೆಗೀಲಾ?" ಅಂತ ಕರ್ಸರ್ ಆ ಸಾಲಿಗೆ ತಂದೆ.

ಅಪ್ಪ ಸ್ವಲ್ಪ ಹೊತ್ತು ಸ್ಕ್ರೀನ್ ನೋಡಿದ್ರು. "ಇರ್ಲಿ ಬಿಡು" ಅಂದ್ರು.