ನಮ್ಮ ಬದುವಿನ ಬೇವು ಬಿಟ್ಟು ಅಲಾಸ್ಕಾದ ಗಿಡ ಯಾಕೆ?

ಹುನ್ನೂರ ಸುತ್ತಮುತ್ತಲಿನ ಶಾಲೆಗಳಲ್ಲಿ 'ನಿಸರ್ಗ ಚಿತ್ರ ಬಿಡಿಸಿ' ಎಂದರೆ ಮೊದಲೆಲ್ಲ ಮಕ್ಕಳು ಏನು ಬಿಡಿಸುತ್ತಿದ್ದರು ಎಂಬುದು ನಿಮಗೂ ಗೊತ್ತು. ನೀವೂ ಅದನ್ನೇ ಬಿಡಿಸಿದವರು. ಎರಡು ತ್ರಿಕೋನದ ಗುಡ್ಡ, ನಡುವೆ ಅರ್ಧ ಸೂರ್ಯ, ಒಂದು ಗುಡಿಸಲು, ಪಕ್ಕದಲ್ಲಿ ಬಾಗಿದ ತೆಂಗಿನ ಮರ, ಮೇಲೆ ನಾಲ್ಕು ಹಕ್ಕಿ.

ಈಗ ಅದು ಬದಲಾಗಿದೆ. ಸ್ಪರ್ಧೆ, ವಸ್ತು ಪ್ರದರ್ಶನ ಅಂತ ಹೋದಾಗ ನಾವು ನೋಡುತ್ತಿರುವುದು ಅಕ್ರಿಲಿಕ್ ಬಣ್ಣದ ಹಿಮದ ಬೆಟ್ಟ, ಕೆಳಗೊಂದು ನೀಲಿ ಸರೋವರ, ದಂಡೆಯುದ್ದಕ್ಕೂ ಚೂಪು ತುದಿಯ ಪೈನ್ ಮರಗಳು. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ಬಿಸಿಲು ಉಣ್ಣುವ ಊರಿನ ಮಕ್ಕಳು ಇವರು. ಅಂಥ ಒಂದು ಚಿತ್ರದ ಮುಂದೆ ನಿಂತ ಅಜ್ಜರೊಬ್ಬರು ಮೊಮ್ಮಗಳನ್ನು ಕೇಳಿದ್ದು ನಮ್ಮ ಕಿವಿಗೆ ಬಿತ್ತು: "ಇದ್ಯಾವ ಊರವ್ವಾ? ಈ ಗಿಡ ಎಲ್ಲೈತಿ?" ಹುಡುಗಿ ಅಂದಳು: "ಮೊಬೈಲ್‌ನ್ಯಾಗ ಐತಿ ಅಜ್ಜಾ."

ಹುಡುಗಿ ಸುಳ್ಳು ಹೇಳಲಿಲ್ಲ. ಹತ್ತು ನಿಮಿಷದಲ್ಲಿ ಚಿತ್ರ ಕಲಿಸುವ ವಿಡಿಯೊಗಳಲ್ಲಿ ಕಾಣುವ ಆ ಬೆಟ್ಟ, ಆ ಮರಗಳನ್ನು ಜಗತ್ತಿಗೆಲ್ಲ ಪರಿಚಯ ಮಾಡಿಸಿದವರು ಅಮೆರಿಕದ ಬಾಬ್ ರಾಸ್. ವಾಯುಪಡೆಯ ನೌಕರಿಯಲ್ಲಿ ಅಲಾಸ್ಕಾದಲ್ಲಿ ವರ್ಷಗಟ್ಟಲೆ ಇದ್ದವರು. 1983ರಿಂದ 1994ರವರೆಗೆ ಅಲ್ಲಿನ ಟಿವಿಯಲ್ಲಿ ಅರ್ಧ ಗಂಟೆಗೊಂದು ಚಿತ್ರ ಮುಗಿಸಿ ತೋರಿಸುತ್ತಿದ್ದರು. ಅವರದೇನೂ ತಪ್ಪಿಲ್ಲ. ತಾವಿದ್ದ ನೆಲದ ಬೆಟ್ಟ, ತಾವು ಕಂಡ ಗಿಡ ಬಿಡಿಸಿದರು. ನಾವು ಅವರ ಕೆಲಸ ನಕಲು ಮಾಡಿದೆವು, ಅವರು ಮಾಡಿದ್ದನ್ನು ಮಾಡಲಿಲ್ಲ.

ಇನ್ನೊಂದು ತೊಡಕಿದೆ. ರಾಸ್ ಬಳಸುತ್ತಿದ್ದುದು ತೈಲವರ್ಣ. ಅದು ದಿನಗಟ್ಟಲೆ ಹಸಿಯಾಗಿರುತ್ತದೆ. ಹಸಿ ಬಣ್ಣದ ಮೇಲೆ ಹಸಿ ಬಣ್ಣ ಎಳೆದು ಆಕಾಶವನ್ನು ಮೋಡಕ್ಕೆ, ಮೋಡವನ್ನು ಬೆಟ್ಟಕ್ಕೆ ಬೆರೆಸುವುದೇ ಅವರ ಕೈಚಳಕ. ನಮ್ಮ ಮಕ್ಕಳ ಕೈಯಲ್ಲಿರುವುದು ಅಕ್ರಿಲಿಕ್. ನೀರಿನಲ್ಲಿ ಕಲಸುವ, ಒಣಗಿದ ಮೇಲೆ ಪ್ಲಾಸ್ಟಿಕ್ ಪೊರೆಯಂತೆ ಗಟ್ಟಿಯಾಗುವ ಬಣ್ಣ. ನಮ್ಮ ಒಣ ಗಾಳಿಗೆ ಎರಡು ನಿಮಿಷದಲ್ಲಿ ಕೂಡುತ್ತದೆ. ವಿಡಿಯೊದಂತೆ ಬೆರೆಯುವುದಿಲ್ಲ, ಗೀರು ಗೀರಾಗಿ ನಿಲ್ಲುತ್ತದೆ. ಹುಡುಗರು 'ನನಗ ಬರೂದಿಲ್ಲ' ಅಂತ ಬ್ರಷ್ ಇಟ್ಟುಬಿಡುತ್ತಾರೆ. ಕೈ ತಪ್ಪಿಲ್ಲ, ಬಣ್ಣದ ಗುಣವನ್ನು ಯಾರೂ ಹೇಳಿಕೊಟ್ಟಿಲ್ಲ.

ನಮ್ಮ ಅಭಿಪ್ರಾಯ ಕೇಳಿದರೆ, ನಮ್ಮ ಗಿಡಗಳಿಗೆ ಅಕ್ರಿಲಿಕ್ಕೇ ಸರಿ. ಅದು ಬೇಗ ಒಣಗುವುದೇ ಲಾಭ. ಬೇವಿನ ಮರವನ್ನು ಕಣ್ಣು ಕಿರಿದು ಮಾಡಿ ನೋಡಿ. ಎಲೆ ಕಾಣುವುದಿಲ್ಲ. ಮೂರೇ ಭಾಗ ಕಾಣುತ್ತವೆ: ಬಿಸಿಲು ಬಿದ್ದ ಗುಂಪು, ನೆರಳಿನ ಗುಂಪು, ನಡುವೆ ಆಕಾಶ ಇಣುಕುವ ಕಿಂಡಿ. ಮೊದಲು ನೆರಳಿನ ಗಾಢ ಬಣ್ಣ ಹಾಕಿ. ಒಂದು ಕಪ್ ಚಹಾ ಕುಡಿಯುವುದರೊಳಗೆ ಒಣಗಿರುತ್ತದೆ. ಅದರ ಮೇಲೆ ಬಿಸಿಲಿನ ತಿಳಿ ಹಸಿರು ಕೂಡಿಸಿ, ಕೊನೆಗೆ ಆಕಾಶದ ಬಣ್ಣದಿಂದಲೇ ಕಿಂಡಿ ಕೊರೆಯಿರಿ. ಗಾಢದ ಮೇಲೆ ತಿಳಿ ಬಣ್ಣ ನಿಲ್ಲುತ್ತದೆ. ಜಲವರ್ಣದಲ್ಲಿ ಇದು ಸುಲಭವಿಲ್ಲ.

ಡಬ್ಬಿಯಲ್ಲಿ ಬರುವ ಹಸಿರನ್ನು ಮಾತ್ರ ನಂಬಬೇಡಿ. ಅದು ಪ್ಲಾಸ್ಟಿಕ್ ಕೊಡದ ಹಸಿರು. ರಬಕವಿ-ಬನಹಟ್ಟಿ ನೇಕಾರರನ್ನು ಕೇಳಿ, ಹಸಿರಿನಲ್ಲಿ ಎಷ್ಟು ಹಸಿರಿವೆ ಅಂತ ನೂಲಿನ ಲಡಿ ಎತ್ತಿ ತೋರಿಸುತ್ತಾರೆ. ಅಲ್ಟ್ರಾಮರೀನ್ ನೀಲಿಗೆ ಓಕರ್ ಹಳದಿ ಬೆರೆಸಿದರೆ ಜಾಲಿಯ ಮಬ್ಬು ಹಸಿರಿಗೆ ಹತ್ತಿರ ಬರುತ್ತದೆ. ಲೆಮನ್ ಹಳದಿ ಬೆರೆಸಿದರೆ ಎಳೆ ಕಬ್ಬು. ಯುಗಾದಿ ಹೊತ್ತಿಗೆ ಬೇವಿನ ಚಿಗುರು ಹಸಿರೇ ಅಲ್ಲ, ತಾಮ್ರ. ಅದಕ್ಕೆ ಬರ್ನ್ಟ್ ಸಿಯೆನ್ನಾ ಬೇಕು. ಕಾಂಡ ಅಂದರೆ ಕಂದು ಅಂತ ಎಲ್ಲರೂ ಹಚ್ಚುತ್ತಾರೆ. ಹೋಗಿ ನೋಡಿ, ಬೇವಿನದು ಬೂದಿ ಬಣ್ಣ, ಕರಿಜಾಲಿಯದು ಹೆಸರಿಗೆ ತಕ್ಕಂತೆ ಕಪ್ಪು. ಎರೆ ಹೊಲವೂ ಹಾಗೇ. ಮಳೆ ಬಿದ್ದಾಗ ಕಪ್ಪು, ಒಣಗಿ ಬಿರುಕು ಬಿಟ್ಟಾಗ ಬೂದಿ.

ಬಿಸಿಲು ಏರುವ ಮೊದಲು, ಬೆಳಿಗ್ಗೆ ಒಂಬತ್ತರೊಳಗೆ ಕುಳಿತರೆ ಒಳ್ಳೆಯದು. ತಟ್ಟೆಯಲ್ಲಿ ಒದ್ದೆ ಬಟ್ಟೆ ಹಾಸಿ, ಮೇಲೆ ಬಟರ್ ಪೇಪರ್ ಇಟ್ಟು ಅದರ ಮೇಲೆ ಬಣ್ಣ ಹಿಂಡಿಕೊಂಡರೆ ಬೇಗ ಗಟ್ಟಿಯಾಗುವುದಿಲ್ಲ. ಬ್ರಷ್ ನೀರಿನಲ್ಲೇ ಇರಲಿ. ಒಣಗಿದರೆ ಕಸಬರಿಗೆಗೂ ಬಾರದು. ಒಣಗಿದ ಮೇಲೆ ಬಣ್ಣ ಒಂದಿಷ್ಟು ಗಾಢವಾಗುತ್ತದೆ, ಆ ಲೆಕ್ಕ ಹಿಡಿದೇ ಕಲಸಿ.

ಇಷ್ಟೆಲ್ಲ ಯಾಕೆ ಹೇಳುತ್ತಿದ್ದೇವೆ ಅಂದರೆ, ಆ ಗಿಡಗಳೇ ಹೋಗುತ್ತಿವೆ. ಕಬ್ಬಿಗೆ ನೆರಳಾಗುತ್ತದೆ, ಟ್ರ್ಯಾಕ್ಟರ್ ತಿರುಗಿಸಲು ಅಡ್ಡ ಬರುತ್ತದೆ ಅಂತ ಬದುವಿನ ಬೇವು, ಜಾಲಿ ಕಡಿಯುತ್ತಿದ್ದೇವೆ. ರಸ್ತೆ ಅಗಲ ಮಾಡುವಾಗ ಹುಣಸೆ ಸಾಲು ಹೋಗುತ್ತದೆ. ಪಂಚಮಿ ಜೋಕಾಲಿಗೆ ಟೊಂಗೆ ಹುಡುಕಬೇಕಾದ ಊರುಗಳಿವೆ. ಕಡಿಯುವ ರೈತನನ್ನು ನಾವು ಬೈಯುವುದಿಲ್ಲ. ಎಕರೆಗೆ ಎಷ್ಟು ಟನ್ ಬಂತು ಎಂಬುದರ ಮೇಲೆ ಅವನ ಮನೆ ನಿಂತಿದೆ.

ಹೊಳೆಸಾಲಿನ ಕಥೆ ಬೇರೆಯೇ. ಕೃಷ್ಣಾ ಮೇಲ್ದಂಡೆ ಯೋಜನೆಯ 3ನೇ ಹಂತದಲ್ಲಿ ಆಲಮಟ್ಟಿಯ ನೀರಿನ ಮಟ್ಟ 519.60 ಮೀಟರಿನಿಂದ 524.256 ಮೀಟರಿಗೆ ಏರಬೇಕು. ಏರಿದರೆ ಬೀಳಗಿ, ಜಮಖಂಡಿ ಭಾಗದ ಹೊಲಗಳು ಇನ್ನಷ್ಟು ಮುಳುಗುತ್ತವೆ. 2013ರ ಭೂಸ್ವಾಧೀನ ಕಾಯ್ದೆಯ ಪ್ರಕಾರ ಜಮೀನಿನಲ್ಲಿರುವ ಗಿಡಗಳಿಗೂ ಬೆಲೆ ಕಟ್ಟಬೇಕು. ಕಟ್ಟುತ್ತಾರೆ ಕೂಡ. ಕಾಗದದಲ್ಲಿ 'ಬೇವು 3, ಹುಣಸೆ 1' ಅಂತ ಬರುತ್ತದೆ. ಆ ಹುಣಸೆ ಯಾವ ಕಡೆ ಬಾಗಿತ್ತು, ಯಾವ ಟೊಂಗೆಗೆ ಎತ್ತು ಕಟ್ಟುತ್ತಿದ್ದರು, ಮಧ್ಯಾಹ್ನ ಬುತ್ತಿ ಬಿಚ್ಚುವ ನೆರಳು ಎಲ್ಲಿ ಬೀಳುತ್ತಿತ್ತು ಅನ್ನುವುದಕ್ಕೆ ಆ ಕಾಗದದಲ್ಲಿ ಕಾಲಂ ಇಲ್ಲ. ಮೊಬೈಲ್ ಫೋಟೊ ಇದೆಯಲ್ಲ ಅನ್ನುತ್ತೀರಿ. ನಿಮ್ಮ ಮೊಬೈಲ್ ತೆರೆದು ನೋಡಿ. ಎರಡು ಸಾವಿರ ಫೋಟೊದಲ್ಲಿ ನಿಮ್ಮ ಹೊಲದ ಗಿಡದ್ದು ಎಷ್ಟಿವೆ? ಇದ್ದರೂ ಅದರ ಮುಂದೆ ಯಾರೋ ನಿಂತಿರುತ್ತಾರೆ. ಚಿತ್ರ ಬಿಡಿಸಲು ಎರಡು ತಾಸು ಆ ಗಿಡವನ್ನು ನೋಡುತ್ತ ಕೂರಬೇಕು. ಹಾಗೆ ಕೂತವರು ನಮ್ಮಲ್ಲಿ ಎಷ್ಟು ಮಂದಿ?

ಬೆಂಗಳೂರಿನಲ್ಲಿ ಒಬ್ಬರು ಕೂತಿದ್ದರು. 1910ರಲ್ಲಿ ಹುಟ್ಟಿದ ರುಮಾಲೆ ಚನ್ನಬಸವಯ್ಯ. ಸ್ವಾತಂತ್ರ್ಯ ಹೋರಾಟದಲ್ಲಿದ್ದವರು, 'ತಾಯಿನಾಡು' ಪತ್ರಿಕೆಯ ಸಂಪಾದಕರಾಗಿದ್ದವರು. ಸುದ್ದಿ ಬರೆಯುವ ನಮಗೆ ಇದು ಸ್ವಲ್ಪ ಹೆಮ್ಮೆಯ ವಿಷಯ. ಬಣ್ಣದ ಪೆಟ್ಟಿಗೆ ಹೊತ್ತು ಬೀದಿಗೆ ಹೋಗಿ, ಹೂ ಬಿಟ್ಟ ಗುಲ್‌ಮೊಹರ್, ಜಕರಂಡಗಳನ್ನು ಎದುರಿಗೇ ನಿಂತು ಬಿಡಿಸಿದರು. ಇವತ್ತು ಬೆಂಗಳೂರಿನವರು ತಮ್ಮ ಊರು ಹೇಗಿತ್ತು ಅಂತ ಆ ಚಿತ್ರಗಳನ್ನು ಹುಡುಕಿ ನೋಡುತ್ತಾರೆ.

ನಮ್ಮ ಸೀಮೆಗೂ ಚಿತ್ರದ ಬೇರಿದೆ. ಧಾರವಾಡದಲ್ಲಿ ಡಿ.ವಿ. ಹಾಲಭಾವಿ, ಗದಗಿನಲ್ಲಿ ಟಿ.ಪಿ. ಅಕ್ಕಿ ಕಲಾಶಾಲೆ ಕಟ್ಟಿದರು. ಇನ್ನೂ ಹಿಂದಕ್ಕೆ ಹೋದರೆ, ನಮ್ಮದೇ ಜಿಲ್ಲೆಯ ಬಾದಾಮಿಯಲ್ಲಿ 578ರ ಶಾಸನವಿರುವ 3ನೇ ಗುಹೆಯ ಕಂಬಗಳ ಮೇಲೆ ಜೋಡಿಗಳು ಮರದ ಕೆಳಗೆ ನಿಂತಿವೆ. ಕಲ್ಲಿನಲ್ಲೂ ಆ ಶಿಲ್ಪಿ ಎಲೆಯ ಗೊಂಚಲು ಬಿಡಿಸುವುದು ಬಿಟ್ಟಿಲ್ಲ. ಶಾಲೆಯ ಪ್ರವಾಸಕ್ಕೆ ಹೋದ ಮಕ್ಕಳಿಗೆ ಅದನ್ನು ಯಾರಾದರೂ ಬೆರಳು ಮಾಡಿ ತೋರಿಸಬೇಕು.

ಚಿತ್ರಕಲೆ ಶಿಕ್ಷಕರ ಹುದ್ದೆಯ ಬಗ್ಗೆ ಬರೆಯಲು ಹೋದರೆ ಅದೇ ಇನ್ನೊಂದು ಲೇಖನ. ಶಿಕ್ಷಕರು ಇಲ್ಲದ ಕಡೆ, ಫ್ಲೆಕ್ಸ್ ಬಂದ ಮೇಲೆ ಕೆಲಸ ಕಳೆದುಕೊಂಡ ಬೋರ್ಡ್ ಪೇಂಟರ್‌ಗಳು ಊರೂರಲ್ಲಿ ಇದ್ದಾರಲ್ಲ? ಬ್ರಷ್ ಹಿಡಿದು ಮೂವತ್ತು ವರ್ಷ ದುಡಿದ ಕೈ ಅವು. ವಾರಕ್ಕೊಂದು ಶನಿವಾರ ಅವರನ್ನು ಶಾಲೆಗೆ ಕರೆದು, ದುಡ್ಡು ಕೊಟ್ಟು, ಮಕ್ಕಳ ಜೊತೆ ಊರ ಮುಂದಿನ ಅರಳಿಕಟ್ಟೆಗೆ ಕಳಿಸಲಿ. ಪಂಚಾಯಿತಿ ಹಣದಲ್ಲಿ ಶಾಲೆ ಗೋಡೆಗೆ ಚಿತ್ರ ಬರೆಸುವಾಗ ತೆಂಗಿನ ತೋಟ, ಜಲಪಾತ ಯಾಕೆ ಬೇಕು? ದಸರೆಗೆ ಊರೆಲ್ಲ ಸೇರಿ ಬಂಗಾರ ತರುವ ಬನ್ನಿ ಗಿಡವನ್ನೇ ಬರೆಸಬಹುದಲ್ಲ.

ಸ್ಪರ್ಧೆ ನಡೆಸುವವರಲ್ಲೂ ಒಂದು ವಿನಂತಿ. ವಿಷಯ 'ನಿಸರ್ಗ ಚಿತ್ರ' ಅಂತ ಕೊಡಬೇಡಿ. 'ನಿಮ್ಮ ಮನೆಯಿಂದ ಶಾಲೆಗೆ ಬರುವ ದಾರಿಯ ಒಂದು ಗಿಡ' ಅಂತ ಕೊಡಿ.

ಬಿಡಿಸಿದ ಮೇಲೆ ಹಾಳೆಯ ಹಿಂದೆ ಪೆನ್ಸಿಲ್‌ನಿಂದ ಗಿಡದ ಹೆಸರು, ಹೊಲದ ಸರ್ವೆ ನಂಬರ್, ತಾರೀಖು ಬರೆದಿಡಿ. ಫೋಟೊ ತೆಗೆದು ನಮಗೂ ಕಳಿಸಿ, ಸೊಟ್ಟಗಿದ್ದರೂ ಹಾಕುತ್ತೇವೆ. ಪೈನ್ ಮರ ಮಾತ್ರ ಬೇಡ, ಸಾಕಷ್ಟು ಬಂದಿವೆ.