ಹಂಪನಕಟ್ಟೆಯಲ್ಲಿ ಕೂರಲು ಜಾಗ ಕೊಡಿ

ಮಂಗಳೂರಿನ ಹಂಪನಕಟ್ಟೆಯ ಯಾವ ಅಂಗಡಿಗೆ ಹೋಗಿ ಕೇಳಿದರೂ ಒಂದೇ ಮಾತು: "ಪಾರ್ಕಿಂಗ್ ಇಲ್ಲ ಮಾರಾಯ್ರೆ, ಗಿರಾಕಿ ಬರುವುದು ಹೇಗೆ?" ಈ ಮಾತನ್ನು ಊರಿಗೆ ಊರೇ ನಂಬಿದೆ. ನಂಬಿ ಮಾಡಿದ್ದೇನು? ವಾಹನಗಳಿಗೆ ಅಡ್ಡವೆಂದು ಕ್ಲಾಕ್ ಟವರ್ ಕೆಡವಿದೆವು, ಆಮೇಲೆ ಸ್ಮಾರ್ಟ್ ಸಿಟಿ ದುಡ್ಡಿನಲ್ಲಿ ಮತ್ತೆ ಕಟ್ಟಿದೆವು. ಹಳೆ ಬಸ್ ಸ್ಟ್ಯಾಂಡ್ ಇದ್ದ ಜಾಗ ಪೇಟೆಯ ನಟ್ಟನಡುವಿನ ಸಾರ್ವಜನಿಕ ನೆಲ. ಅದನ್ನು ಬಹುಮಹಡಿ ಪಾರ್ಕಿಂಗ್‌ಗೆಂದು ಅಗೆಸಿದೆವು. ಅದು ವರ್ಷಗಟ್ಟಲೆ ಹೊಂಡವಾಗಿಯೇ ಬಿದ್ದಿತ್ತು.

2020ರ ಏಪ್ರಿಲ್‌ನಲ್ಲಿ ಕೋವಿಡ್ ಕಾರಣಕ್ಕೆ ಇಲ್ಲಿನ ಸೆಂಟ್ರಲ್ ಮಾರ್ಕೆಟಿನ ವ್ಯಾಪಾರವನ್ನು ಬೈಕಂಪಾಡಿ ಎಪಿಎಂಸಿಗೆ ಸಾಗಿಸಿದರು. ಮುಂದೆ ಹಳೆ ಕಟ್ಟಡವೂ ನೆಲಸಮವಾಯಿತು. ಹೊಡೆತ ಬಿದ್ದದ್ದು ತರಕಾರಿಯವರಿಗೆ ಮಾತ್ರವಲ್ಲ. ಬಸಳೆ, ಸೌತೆಕಾಯಿ ಕೊಳ್ಳಲು ಬಂದವರು ದಾರಿಯಲ್ಲಿ ಒಂದು ಚಪ್ಪಲಿ ನೋಡುತ್ತಿದ್ದರು, ಪಾತ್ರೆಯ ಕ್ರಯ ಕೇಳುತ್ತಿದ್ದರು, ಕೊನೆಗೆ ಐಸ್‌ಕ್ರೀಮ್ ತಿಂದು ಬಸ್ ಹತ್ತುತ್ತಿದ್ದರು. ಪೇಟೆ ಬದುಕಿದ್ದೇ ಈ ಕಾಲಹರಣದಿಂದ.

ಈಗ ಅಲ್ಲಿ ಕಾಲಹರಣ ಮಾಡುವುದಾದರೂ ಎಲ್ಲಿ? ಮೊನ್ನೆ ಮಾರ್ಕೆಟ್ ರೋಡಿನಲ್ಲಿ ವಯಸ್ಸಾದ ಹೆಂಗಸೊಬ್ಬರು ಎರಡು ಕೈಚೀಲ ನೆಲಕ್ಕಿಟ್ಟು ಬಟ್ಟೆ ಅಂಗಡಿಯ ಮೆಟ್ಟಿಲ ತುದಿಯಲ್ಲಿ ಅರ್ಧ ಕೂತರು. ಒಳಗಿನ ಹುಡುಗ "ಏನು ಬೇಕಮ್ಮಾ?" ಎಂದ. ಅವನ ದನಿಯಲ್ಲಿ ಗದರಿಕೆ ಇರಲಿಲ್ಲ, ಆದರೂ ಅವರು ತಪ್ಪು ಮಾಡಿದವರ ಹಾಗೆ ಎದ್ದು ಹೋದರು. ಮಾಲ್‌ಗಳು ಕೂರುವ ಜಾಗದ ಬೆಲೆಯನ್ನು ಯಾವತ್ತೋ ಅರ್ಥ ಮಾಡಿಕೊಂಡಿವೆ. ಅಲ್ಲಿ ಬೆಂಚಿದೆ, ಶೌಚಾಲಯವಿದೆ, ಏನೂ ಕೊಳ್ಳದವನನ್ನೂ ಯಾರೂ ಎಬ್ಬಿಸುವುದಿಲ್ಲ. ಕೂತವನು ಹೇಗೂ ಕೊಳ್ಳುತ್ತಾನೆಂಬ ಲೆಕ್ಕ ಅವರದು.

ವಾಹನ ಸಂಚಾರ ನಿಂತರೆ ವ್ಯಾಪಾರ ಸಾಯುತ್ತದೆ ಎನ್ನುವವರು ರಥಬೀದಿಗೆ ಕೊಡಿಯಾಲ ತೇರಿನ ದಿನ ಹೋಗಿ ನೋಡಲಿ. ವೆಂಕಟರಮಣ ದೇವಸ್ಥಾನದ ರಥ ಎಳೆಯುವ ದಿನ ಅಲ್ಲಿ ಕಾರಿಗೆ ಎಡೆಯಿಲ್ಲ. ಬಳೆ, ಆಟಿಕೆ, ಚುರುಮುರಿಯವರಿಗೆ ಪುರುಸೊತ್ತೂ ಇಲ್ಲ. ಅದು ಹಬ್ಬದ ಮಾತು ಎನ್ನುತ್ತೀರೇನೋ. ಹಾಗಾದರೆ ರೈಲು ಹತ್ತಿ ಕೋಝಿಕ್ಕೋಡಿಗೆ ಹೋಗಿ. ಅಲ್ಲಿನ ಮಿಠಾಯಿ ತೆರುವು ಇಕ್ಕಟ್ಟಿನ ಹಳೆ ವ್ಯಾಪಾರಿ ಬೀದಿ. 2017ರ ಡಿಸೆಂಬರ್‌ನಲ್ಲಿ ನೆಲಕ್ಕೆ ಕಲ್ಲು ಹಾಸಿ, ಹಗಲು ಹೊತ್ತು ವಾಹನ ಸಂಚಾರ ನಿಲ್ಲಿಸಿ, ಅದನ್ನು ನಡೆಯುವವರಿಗೆ ಬಿಟ್ಟುಕೊಟ್ಟರು. ಅಲ್ಲೂ ವ್ಯಾಪಾರಿಗಳು ಪ್ರತಿಭಟಿಸಿದರು. ಆದರೂ ಜನ ಬಂದರು, ಹಲ್ವ ಕಟ್ಟಿಸಿಕೊಂಡರು, ಪಕ್ಕದ ಮಾನಾಂಚಿರದಲ್ಲಿ ಕೂತರು. ನಮ್ಮದೇ ಕರಾವಳಿ, ನಮ್ಮದೇ ಮಳೆ.

ಮಳೆಯ ಮಾತೂ ಸಣ್ಣದಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೂರಿಲ್ಲದ ಫುಟ್‌ಪಾತ್ ಇದ್ದೂ ಇಲ್ಲದ ಹಾಗೆ. 1865ರಲ್ಲಿ ಬಾಸೆಲ್ ಮಿಷನ್ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಊರಿದು. ಹಂಚಿನ ಮಾಡುಗಳು ಬೀದಿಯತ್ತ ಚಾಚಿಕೊಂಡು ದಾರಿಹೋಕರನ್ನು ಮಳೆಯಿಂದ ಕಾಯುತ್ತಿದ್ದವು. ಈಗಿನ ಗಾಜಿನ ಕಟ್ಟಡಗಳ ಮುಂದೆ ನಿಂತವನು ನೆನೆಯಬೇಕು.

ಮತ್ತೆ ಗೂಡಂಗಡಿಗಳು. ಬೀದಿ ವ್ಯಾಪಾರಿಗಳ ಜೀವನೋಪಾಯ ಕಾಪಾಡಲು 2014ರಲ್ಲೇ ಕೇಂದ್ರದ ಕಾಯಿದೆ ಬಂದಿದೆ. ಆದರೂ ಪಾಲಿಕೆಯವರು "ಟೈಗರ್ ಕಾರ್ಯಾಚರಣೆ" ಎಂಬ ಹೆಸರಿಟ್ಟು ಗೂಡಂಗಡಿ ತೆರವಿಗೆ ಜೆಸಿಬಿ ತಂದಾಗ ನಾವು ನೋಡುತ್ತ ನಿಂತೆವು. ಹುಲಿಯ ಹೆಸರು ಯಾಕೋ! ಚುರುಮುರಿ ಗಾಡಿಯ ಮುಂದೆ ನಿಂತ ಹತ್ತು ಜನರೇ ಹಿಂದಿನ ಅಂಗಡಿಯ ಹತ್ತು ಗಿರಾಕಿಗಳು ಎಂಬುದು ಆವತ್ತು ಯಾರಿಗೂ ಹೊಳೆಯಲಿಲ್ಲವೇ?

ವ್ಯಾಪಾರಿ ಬಂಧುಗಳೇ, ಪಾಲಿಕೆಯ ಮುಂದೆ ಇನ್ನಾದರೂ ಬೇರೆ ಬೇಡಿಕೆ ಇಡಿ. ಸೆಂಟ್ರಲ್ ಮಾರ್ಕೆಟಿನ ಹೊಸ ಕಟ್ಟಡದ ಎದುರು ಸೂರಿರುವ ಒಂದು ಕಟ್ಟೆ, ಶುಚಿಯಾದ ಶೌಚಾಲಯ, ಕುಡಿಯುವ ನೀರು, ಗಾಡಿಯವರಿಗೆ ಗುರುತು ಹಾಕಿದ ಜಾಗ ಕೇಳಿ. ವಾರಕ್ಕೊಂದು ಸಂಜೆ ಮಾರ್ಕೆಟ್ ರೋಡಿನಲ್ಲಿ ವಾಹನ ಸಂಚಾರ ನಿಲ್ಲಿಸಲು ನೀವೇ ಮುಂದಾಗಿ. ಈ ಬೇಡಿಕೆ ಇಲ್ಲಿಗೆ ಹೊಸದೇನೂ ಅಲ್ಲ: ಹಂಪನಕಟ್ಟೆಯ ರಸ್ತೆ ಅಗೆದಾಗ ಹಳೆಯದೊಂದು ಬಾವಿ ಸಿಕ್ಕಿತ್ತಲ್ಲ, ಆ ಜಾಗದಲ್ಲಿ ಹಿಂದೆ ದಣಿದವರಿಗೆ ನೀರು ಸಿಗುತ್ತಿತ್ತು.

ಓದುಗರೇ, ಪೇಟೆ ಸತ್ತಿತೆಂದು ಮಾಲ್‌ನ ಎಸಿಯಲ್ಲಿ ಕೂತು ಮರುಗುವವರು ನಾವೇ. ಈ ವಾರ ಕಾರು ಮನೆಯಲ್ಲೇ ಬಿಟ್ಟು ಪೇಟೆಗೆ ಬರುವ ಸ್ಟೇಟ್ ಬ್ಯಾಂಕ್ ಬಸ್ ಹತ್ತಿ. ಕೂರಲು ಎಲ್ಲೆಲ್ಲಿ ಜಾಗವಿಲ್ಲವೋ ಬರೆದುಕೊಂಡು ಬಂದು, ಆ ಪಟ್ಟಿಯನ್ನು ಪಾಲಿಕೆಗೆ ಕೊಡಿ, ರಶೀದಿ ಕೇಳಿ ಪಡೆಯಿರಿ.